ಎರಡು ಕೀಗಳ ನಡುವಿನ ಸ್ವರ

2019ರ ಸೆಪ್ಟೆಂಬರ್ 14, ಶನಿವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ, ಹಳೇ ಕೋಟೆಯಂಗಳದ ವೇದಿಕೆಯಲ್ಲಿ ತಾಲೀಮು ನಡೆದಿದ್ದಾಗ, ಲಿವಿಯೋ ಆರ್ಗನ್ನಿನ ಮೇಲಿಂದ ಎರಡೂ ಕೈ ತೆಗೆದ. ಗಿಟಾರು ಒಂಟಿಯಾಗಿ ಇನ್ನಷ್ಟು ದೂರ ಓಡಿತು. ಜೊತೆಗೆ ಯಾರೂ ಬರುತ್ತಿಲ್ಲವೆಂದು ಗೊತ್ತಾದ ಮೇಲೆ ನಿಂತಿತು.

"ಏನಾಯ್ತೋ?" ಗಿಟಾರು ಹಿಡಿದಿದ್ದ ಇವಾನೋ ಒಂದು ಕಿವಿಯಿಂದ ಇಯರ್‌ಫೋನ್ ಕಿತ್ತುಕೊಂಡು ಕೇಳಿದ. "ಕೈ ಹಿಡ್ಕೊಳ್ತಾ?"

"ಇನ್ನೊಂದ್ಸಲ ಶುರುವಿಂದ ಹೋಗೋಣ."

"ಶುರುವಿಂದಾನೇ ಹೋಗ್ತಿರೋದು ಕಣೋ, ಮೂರನೇ ಸಲ. ನಾನು ಒಂದು ಕಡೆ ಹೋದ್ರೆ ನಿನ್ ಕೈ ಒಂದು ಕೀ ಮೇಲಕ್ಕೆ ಹೋಗಿ ಕೂತಿರುತ್ತೆ. ಆಮೇಲೆ ಮತ್ತೆ ಕೆಳಗಿಳಿಯುತ್ತೆ. ಮರೆತುಹೋಗಿದೆ ಅಂತ ಹೇಳ್ಬಿಡು ಮಾರಾಯ. ಬರೆದೋನು ನೀನೇ, ನಿಂಗೆ ಯಾರು ಬಯ್ತಾರೆ?"

ಡ್ರಮ್ಮಿನ ಹಿಂದಿದ್ದವನು ನಕ್ಕ. ಲಿವಿಯೋನೂ ನಕ್ಕ. ಅಂಗಿಯೊಳಗೆ ಬೆನ್ನು ಬೆವರಿತ್ತು.

ಲಿವಿಯೋ, ಇವಾನೋ ಇಬ್ಬರೂ ಸೇರಿ ವಾದ್ಯತಂಡ ಕಟ್ಟಿದಾಗ ಇಪ್ಪತ್ತರ ವಯಸ್ಸು. 1975ರಲ್ಲಿ ಒಂದೇ ಒಂದು ರೆಕಾರ್ಡು ಬಂತು. ಒಂದು ಬದಿಯ ತುಂಬ ಒಂದೇ ಕೃತಿ, ಲಿವಿಯೋ ಬರೆದದ್ದು. ಅದನ್ನು ಆಗ ಯಾರೂ ಕೊಳ್ಳಲಿಲ್ಲ. ಇವಾನೋ ಊರೂರು ಸುತ್ತಿ ಹೆಸರು ಮಾಡಿದ. ಲಿವಿಯೋ ಜಿನೋವಾದ ಬಂದರಿನಲ್ಲಿ ಕ್ರೇನುಗಳ ಮೋಟಾರು ರಿಪೇರಿಗೆ ಸೇರಿದವನು ಅಲ್ಲೇ ನಿವೃತ್ತನಾದ. ಆಮೇಲೆ ಹೇಗೋ ಆ ರೆಕಾರ್ಡಿಗೆ ದೂರದ ದೇಶಗಳಲ್ಲಿ ಕಿವಿಗಳು ಹುಟ್ಟಿಕೊಂಡವು. ಪ್ರೊಗ್ರೆಸಿವ್ ರಾಕ್ ಸಂಗೀತಕ್ಕೆಂದೇ 'ಲಾಂಪಾರಾ' ಎಂಬ ಸಣ್ಣ ರೆಕಾರ್ಡ್ ಕಂಪನಿ ನಡೆಸುತ್ತಿದ್ದ ಒರ್ನೆಲ್ಲಾ ಕಳೆದ ಚಳಿಗಾಲದಲ್ಲಿ ಅವನ ಮನೆ ಬಾಗಿಲು ತಟ್ಟಿ, "ನಮ್ಮ ಇಪ್ಪತ್ತನೇ ವರ್ಷದ ಪ್ರದರ್ಶನಕ್ಕೆ ಅದನ್ನ ಪೂರ್ತಿ ಬಾರಿಸ್ಬೇಕು" ಅಂದಿದ್ದಳು. ಅಂದಿನಿಂದ ಅವನು ಬೆಳಗಾದರೆ ಆರ್ಗನ್ನಿನ ಮುಂದೆ ಕೂರುತ್ತಿದ್ದ. ಅರವತ್ನಾಲ್ಕನೆಯ ವಯಸ್ಸಿನಲ್ಲಿ ಎದ್ದು ಕೂರಲು ಒಂದು ಕಾರಣ ಸಿಕ್ಕಿತ್ತು.

ಲಾಂಪಾರಾದ ಪ್ರದರ್ಶನಕ್ಕೆ ಒಂದು ಕಟ್ಟಳೆ ಇತ್ತು. ಆ ಸಂಜೆ ಬಾರಿಸಿದ್ದೆಲ್ಲ ಧ್ವನಿಮುದ್ರಣವಾಗುತ್ತಿತ್ತು, ಮುದ್ರಣವಾದದ್ದು ಹಾಗೆಯೇ ರೆಕಾರ್ಡಾಗಿ ಹೊರಬರುತ್ತಿತ್ತು. ತಪ್ಪಿದರೆ ತಪ್ಪಿದ್ದೇ, ಕತ್ತರಿಸಿ ಅಂಟಿಸುವ ಹಾಗಿಲ್ಲ. ಕೊಳ್ಳುವವರು ಅದಕ್ಕಾಗಿಯೇ ಕೊಳ್ಳುತ್ತಿದ್ದರು.

ಲಿವಿಯೋ ಯಾರಿಗೂ ಹೇಳದ ಸಂಗತಿ ಒಂದಿತ್ತು. ಫೆಬ್ರವರಿಯಲ್ಲಿ ಎಡಗಿವಿ ಮಂಕಾಗಿತ್ತು. ಡಾಕ್ಟರು ಪರೀಕ್ಷೆ ಮಾಡಿ, ಒಳಗಿವಿಯ ನರ ಸವೆದಿದೆ, ಸದ್ಯಕ್ಕೆ ಶಬ್ದ ಕಡಿಮೆಯಾಗಿದೆ ಅಷ್ಟೆ, ಆದರೆ ಮುಂದೆ ಸ್ವರವೇ ಬಾಗಬಹುದು ಅಂದಿದ್ದರು. "ಒಂದೇ ಸ್ವರ ಎರಡಾಗಿ ಕೇಳಿಸೋಕೆ ಶುರುವಾದ್ರೆ ತಡ ಮಾಡ್ದೆ ಬನ್ನಿ. ಕೆಲವರಿಗೆ ಅದು ಒಂದೇ ದಿನದಲ್ಲಿ ಆಗಿಬಿಡುತ್ತೆ."

ಈವತ್ತು ಎರಡು ಗಂಟೆಗೆ, ವೇದಿಕೆಯ ದೀಪಗಳನ್ನು ಇನ್ನೂ ಮೇಲಕ್ಕೇರಿಸುತ್ತಿದ್ದಾಗ, ಅವನೂ ಇವಾನೋನೂ ಇದೇ ಭಾಗವನ್ನು ಬಾರಿಸಿದ್ದರು. ಗಿಟಾರೂ ಆರ್ಗನ್ನೂ ಒಂದೇ ತಂತಿಯ ಹಾಗೆ ಕೂಡಿಕೊಂಡಿದ್ದವು. ಈಗ ದೀಪಗಳೆಲ್ಲ ಉರಿಯುತ್ತಿದ್ದವು; ನೋಡಿದರೆ, ತಾನು ಒತ್ತಿದ ಸ್ವರ ಗಿಟಾರಿಗಿಂತ ಕೆಳಗೆ ಬಿದ್ದು ಒರಟಾಗಿ ಉಜ್ಜುತ್ತಿತ್ತು. ಒಂದು ಕೀ ಮೇಲಕ್ಕೆ ಹೋದರೆ ಗಿಟಾರನ್ನು ದಾಟಿಹೋಗುತ್ತಿತ್ತು. ಬೇಕಾದ ಸ್ವರ ಎರಡು ಕೀಗಳ ನಡುವೆ, ಬೆರಳಿಗೆ ಸಿಗದ ಕಡೆ ಇತ್ತು. ಆರ್ಗನ್ ಒಂದನ್ನೇ ನುಡಿಸಿದರೆ ಎಲ್ಲ ಸರಿಯಾಗಿಯೇ ಇದೆ. ಗಿಟಾರು ಒಂದನ್ನೇ ಕೇಳಿದರೂ ಸರಿ. ಜೊತೆಯಾದರೆ ಮಾತ್ರ ಒಂದು ಎರಡಾಗುತ್ತಿತ್ತು.

ಇಯರ್‌ಫೋನ್ ಹಾಕದ ಅವನು ಬೇರೆಯವರ ಮುಖಗಳನ್ನು ನೋಡಿದ. ಯಾರೂ ಹುಬ್ಬು ಗಂಟಿಕ್ಕಿರಲಿಲ್ಲ. ಒಬ್ಬೊಬ್ಬನ ಇಯರ್‌ಫೋನಿನಲ್ಲೂ ಅವನವನ ವಾದ್ಯ, ತಾಳದ ಟಿಕ್ ಟಿಕ್ ತುಂಬಿಕೊಂಡಿರುತ್ತದೆ, ಉಳಿದವರು ಪಕ್ಕದ ಮನೆಯವರಷ್ಟು ದೂರ, ಎಂಬುದು ಅವನಿಗೆ ಗೊತ್ತಿತ್ತು. ಇಂಥ ವಾದಕರು ದುಡಿಯುವ ರೀತಿಯೇ ಅದು. ಆ ಗಳಿಗೆಯಲ್ಲಿ ಅದು ನೆನಪಾಗಲಿಲ್ಲ. ಯಾರಿಗೂ ಕೇಳದ್ದು ತನಗೊಬ್ಬನಿಗೇ ಕೇಳುತ್ತಿದೆ ಎಂಬುದಷ್ಟೇ ಹೊಳೆಯಿತು.

"ಐದು ನಿಮಿಷ," ಅಂದು ಎದ್ದ.

ಕೋಟೆಯ ಹಳೇ ಸಿಡಿಮದ್ದಿನ ಕೋಣೆಯಲ್ಲಿ ಒರ್ನೆಲ್ಲಾ ಫೊಕಾಚಾ ರೊಟ್ಟಿಯ ತುಂಡು ಕಚ್ಚುತ್ತ ಫೋನಿನಲ್ಲಿ ಯಾರಿಗೋ ದಾರಿ ಹೇಳುತ್ತಿದ್ದಳು. ಇವನ ಮುಖ ನೋಡಿ ಫೋನಿಟ್ಟಳು.

"ಯಾಕೆ, ಇವಾನೋ ಜೊತೆ ಜಗಳನಾ? ಅವನು ಹುಟ್ಟಿದಾಗಲೂ ದಾದಿ ಜೊತೆ ಜಗಳ ಆಡಿರ್ತಾನೆ. ತಲೆಗೆ ಹಚ್ಕೋಬೇಡ."

"ನನ್ ಕಿವಿ ಹೋಗಿದೆ ಒರ್ನೆಲ್ಲಾ."

ಅವಳು ಅಗಿಯುವುದನ್ನು ನಿಲ್ಲಿಸಿದಳು. ಅವನು ಫೆಬ್ರವರಿಯಿಂದ ಹಿಡಿದು ಎಲ್ಲವನ್ನೂ ಹೇಳಿದ. ಹೇಳುವಾಗ ಅವಳ ಕಡೆ ನೋಡದೆ ಗೋಡೆಗೆ ಒರಗಿಸಿದ್ದ ಗಿಟಾರಿನ ಪೆಟ್ಟಿಗೆಗಳನ್ನು ನೋಡುತ್ತಿದ್ದ.

"ಇಷ್ಟು ದಿನ ಬಾಯಿ ಹೊಲ್ಕೊಂಡಿದ್ದೆಯಲ್ಲೋ," ಅವಳು ಮೆಲ್ಲಗೆ ಅಂದಳು.

"ಹೇಳಿದ್ರೆ ಕರೀತಿದ್ಯಾ?"

ಅವಳು ರೊಟ್ಟಿ ಪಕ್ಕಕ್ಕಿಟ್ಟಳು. "ಕಣ್ಮುಚ್ಚಿ ಬಾರಿಸೋಕಾಗಲ್ವಾ? ಕೈಗೆ ಗೊತ್ತಿರುತ್ತಲ್ಲ. ಕಿವೀಗೆ ಹತ್ತಿ ಇಟ್ಕೋ" ಅಂದಳು.

"ಮೂರು ಸಲ ನೋಡ್ದೆ. ಕಿವಿ ಸುಳ್ಳು ಹೇಳಿದ ತಕ್ಷಣ ಕೈ ಅದರ ಹಿಂದೆ ಹೋಗ್ಬಿಡುತ್ತೆ. ನಿನ್ ರೆಕಾರ್ಡಿನಲ್ಲಿ ಅದು ಹಾಗೇ ಉಳ್ಕೊಳ್ಳುತ್ತೆ. ಇವಾನೋನ ಗಿಟಾರಿನ ಪಕ್ಕದಲ್ಲಿ, ಯಾವಾಗ್ಲೂ."

ಒರ್ನೆಲ್ಲಾ ಕೈ ಒರೆಸಿಕೊಂಡು ಎದ್ದಳು. ಅವಳ ಕಣ್ಣು ತುಂಬಿತ್ತು. ಆದರೆ ಆಗಲೇ ಬೇರೇನನ್ನೋ ಯೋಚಿಸುತ್ತಿದ್ದಳು. ಅದು ಅವನಿಗೆ ತಿಳಿಯಿತು, ತಪ್ಪೆನಿಸಲಿಲ್ಲ.

"ಜಾದಾಗೆ ಇದು ಬರುತ್ತೆ," ಅಂದಳು.

ಜಾದಾ ಇನ್ನೊಂದು ತಂಡದ ಕೀಬೋರ್ಡ್ ವಾದಕಿ. ಇಪ್ಪತ್ತೇಳು ವರ್ಷ, ಹುಬ್ಬೇರಿಸುವಂಥ ವೇಗ. ಲಿವಿಯೋನ ಕೃತಿಯನ್ನು ಹದಿನೈದನೆಯ ವಯಸ್ಸಿಗೇ ರೆಕಾರ್ಡು ಕೇಳಿ ಕೇಳಿ ಬಾಯಿಪಾಠ ಮಾಡಿದ್ದಳಂತೆ. ವಿಷಯ ಕೇಳಿದ್ದೇ ಬೆಳ್ಳಗಾದಳು.

"ನಂಗಾಗಲ್ಲ ಮೇಷ್ಟ್ರೇ. ನೀವಿಲ್ಲೇ ನಿಂತಿದೀರ, ನಿಮ್ಮೆದುರಿಗೆ ನಾನು..."

"ನಿಂತಿರಲ್ಲ ಬಿಡು. ಹೊರಗೆ ಹೋಗಿರ್ತೀನಿ."

"ಅಯ್ಯೋ, ನಾನು ಹೇಳಿದ್ದು ಹಾಗಲ್ಲ." ಅವಳು ಬೆರಳು ಹಿಸುಕಿಕೊಂಡಳು. ಆಮೇಲೆ ಧೈರ್ಯ ತಂದುಕೊಂಡು ಕೇಳಿದಳು: "ಬಾರಿಸೋದೇ ಆದ್ರೆ ನಿಮ್ ಆರ್ಗನ್ ಮೇಲೇ ಬಾರಿಸ್ಲಾ? ನನ್ನದು ಬರೀ ಎಲೆಕ್ಟ್ರಾನಿಕ್ ಡಬ್ಬ. ನಿಮ್ಮದರ ದನಿ ಇದಕ್ಕೆ ಬರಲ್ಲ. ಈಗ್ಲೇ ಹೋಗಿ ಒಂದ್ಸಲ ಕೈಯಾಡಿಸಿ ನೋಡ್ತೀನಿ."

ಅದು ಗೌರವದ ಮಾತೆಂದು ಅವನಿಗೆ ಗೊತ್ತಿತ್ತು. ಆದರೂ ಅವಳ ಬೆರಳುಗಳು ಆ ಕೀಗಳ ಮೇಲೆ ಓಡುವುದನ್ನು ನೆನೆಯಲೂ ಅವನಿಗೆ ಮನಸ್ಸಾಗಲಿಲ್ಲ.

"ಬೇಡ," ಅಂದ. ದನಿ ತಾನಂದುಕೊಂಡದ್ದಕ್ಕಿಂತ ಗಡುಸಾಗಿ ಬಂತು. "ಅದನ್ನ ಮುಟ್ಬೇಡ. ನಿನ್ನದರಲ್ಲೇ ಬಾರಿಸು."

ಆರ್ಗನ್ನಿನ ಮೇಲೆ ಕಪ್ಪು ಬಟ್ಟೆ ಹೊದಿಸಿ ವೇದಿಕೆಯ ಮೂಲೆಗೆ ತಳ್ಳಿದರು. ಇವಾನೋ ಬಂದು ಲಿವಿಯೋನ ಹೆಗಲ ಮೇಲೆ ಕೈಯಿಟ್ಟ. ಬಯ್ಯುವುದಕ್ಕೆ ಬಾಯಿ ತೆರೆದವನು ಬಯ್ಗುಳ ಸಿಗದೆ, "ಕತ್ತೆ ನೀನು, ದೊಡ್ಡ ಕತ್ತೆ" ಎಂದಷ್ಟೇ ಹೇಳಿ ಹೋದ.

ಏಳೂವರೆಗೆ ಶುರುವಾಯಿತು. ಲಿವಿಯೋ ಹೊರಗೋಡೆಯ ಪಕ್ಕದ ಇಳಿಜಾರಿನಲ್ಲಿ ಕೋಟು ತೋಳಿಗೆ ಹಾಕಿಕೊಂಡು ನಿಂತಿದ್ದ. ಕೆಳಗೆ ಬಂದರಿನ ದೀಪಗಳು ಹತ್ತಿದ್ದವು. ಬಸ್ಸು ಹಿಡಿಯಲು ಹೊರಟಿದ್ದವನಿಗೆ ಕಾಲು ಮುಂದಕ್ಕೆ ಬರಲಿಲ್ಲ. ತನ್ನ ಮೊದಲ ಸ್ವರಗಳು ಗೋಡೆ ದಾಟಿ ಬಂದವು. ಚೆನ್ನಾಗಿ ಬಾರಿಸುತ್ತಿದ್ದಳು. ಎಡಗೈಯನ್ನು ತನಗಿಂತ ಹಗುರವಾಗಿ ಇಡುತ್ತಿದ್ದಳು. ಅಲ್ಲಿ ಅವಳದೇ ಸರಿ ಎನಿಸಿತು. ಆಮೇಲೆ ಗಿಟಾರು ಜೊತೆಗೂಡುವ ಭಾಗ ಹತ್ತಿರವಾದಾಗ ಅವನು ಹಲ್ಲು ಕಚ್ಚಿ ಆ ಒರಟು ಉಜ್ಜಾಟಕ್ಕೆ ಕಾದ.

ಬರಲಿಲ್ಲ.

ಗಿಟಾರೂ ಕೀಬೋರ್ಡೂ ಒಂದೇ ಆಗಿ ಮೇಲೇರಿದವು. ಎಡಗಿವಿ ಮುಚ್ಚಿ ಕೇಳಿದ, ಒಂದೇ. ಬಲಗಿವಿ ಮುಚ್ಚಿದ. ಶಬ್ದ ಮಂಕಾಯಿತು, ಸ್ವರ ಒಂದೇ. ಎರಡೂ ಬಿಟ್ಟು ಕೇಳಿದ. ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ಎದೆ ಹಗುರಾಗಿ, ಗೋಡೆಗೆ ಕೈಯೂರಿ ನಿಂತು, ಅವನು ಬಾಯಿಬಿಟ್ಟು ನಕ್ಕ. ಕಿವಿ ಸರಿಯಿದೆ. ಕಿವಿ ಸರಿಯಿದೆ.

ಹಾಗಾದರೆ ನಾಲ್ಕು ಗಂಟೆಗೆ ಕೇಳಿದ್ದೇನು?

ನಗು ಪೂರ್ತಿ ಇಳಿಯುವ ಮೊದಲೇ ಉತ್ತರ ಗೊತ್ತಾಗಿತ್ತು. ಜಾದಾಳ ಡಬ್ಬ ತನ್ನ ಸ್ವರವನ್ನು ತಾನೇ ಎಣಿಸಿಕೊಳ್ಳುತ್ತದೆ. ಹೊರಗಿನ ಕರೆಂಟು ಹೇಗಿದ್ದರೂ ಅದಕ್ಕೆ ಲೆಕ್ಕವಿಲ್ಲ. ಅವನ ಹಳೇ ಆರ್ಗನ್ನಿನಲ್ಲಿ ಸ್ವರ ಹುಟ್ಟುವುದು ತಿರುಗುವ ಹಲ್ಲಿನ ಚಕ್ರಗಳಿಂದ. ಚಕ್ರ ತಿರುಗಿಸುವ ಮೋಟಾರು ಕರೆಂಟಿನ ಆವರ್ತನಕ್ಕೆ ಕಟ್ಟುಬಿದ್ದದ್ದು. ಸೆಕೆಂಡಿಗೆ ಐವತ್ತು ಸಲ ಬರಬೇಕಾದ ಅಲೆ ಕಡಿಮೆಯಾದರೆ ಅದೂ ನಿಧಾನ, ಸ್ವರವೂ ಕೆಳಗೆ. ಕೋಟೆಗೆ ಊರಿನ ಕರೆಂಟಿನ ಲೈನು ಇಲ್ಲ, ಇರುವುದೆಲ್ಲ ಜನರೇಟರಿನದು. ಮೋಟಾರು ಎಳೆಯುತ್ತಿಲ್ಲವೆಂದರೆ ಮೊದಲು ಕರೆಂಟು ಅಳೆಯಬೇಕೆಂದು ಬಂದರಿನಲ್ಲಿ ಹೊಸಬರಿಗೆಲ್ಲ ಗದರಿ ಗದರಿ ಕಲಿಸಿದ್ದವನು ಅವನೇ.

ಇಳಿಜಾರಿನ ಕೊನೆಯಲ್ಲಿ, ಗೋಡೆಯ ತಿರುವಿನಲ್ಲಿ ಲಾರಿಯ ಮೇಲೆ ಜನರೇಟರು ಗುಡುಗುತ್ತಿತ್ತು. ಅದರ ಯಜಮಾನ ಬಾಚಿಚ್ಚಾ ಮಡಿಸುವ ಕುರ್ಚಿಯಲ್ಲಿ ಕೂತು ಸೇಬು ಹೆಚ್ಚುತ್ತಿದ್ದ. ಒಳಗೆ ದೀಪಗಳು ಜೋರಾಗಿ ಹತ್ತಿದಾಗೆಲ್ಲ ಎಂಜಿನ್ನು ಭಾರ ಹೊತ್ತವನಂತೆ ದನಿ ತಗ್ಗಿಸುತ್ತಿತ್ತು.

"ಏನಣ್ಣಾ, ಸಂಗೀತ ಬಿಟ್ಟು ಇದರ ಗದ್ದಲ ಕೇಳೋಕೆ ಬಂದ್ರಾ?" ಬಾಚಿಚ್ಚಾ ಚಾಕುವಿನ ತುದಿಯಲ್ಲಿ ಒಂದು ಹೋಳು ಚಾಚಿದ. "ತಗೊಳ್ಳಿ. ಅಲ್ಲಿಗಿಂತ ಇಲ್ಲೇ ವಾಸಿ, ಏನಂತೀರಾ?"

"ಫ್ರೀಕ್ವೆನ್ಸಿ ಯಾವಾಗ ನೋಡಿದ್ರಿ?"

"ಬೆಳಿಗ್ಗೆ ಸ್ಟಾರ್ಟ್ ಮಾಡ್ದಾಗ. ಸರಿಯಾಗಿ ಐವತ್ತಕ್ಕೇ ತಂದು ಬಿಟ್ಟಿದೀನಿ."

"ದೀಪ ಹತ್ತಿದ್ಮೇಲೆ?"

"ದೀಪಕ್ಕೇನು, ಉರೀತಾನೇ ಇದಾವಲ್ಲ." ಬಾಚಿಚ್ಚಾ ಇವನ ಮುಖ ನೋಡಿ ಚಾಕು ಮಡಿಸಿದ. "ಯಾಕಣ್ಣಾ? ಕಡಿಮೆ ಇದ್ರೆ ಹೇಳಿ, ಈಗ್ಲೇ ಒಂಚೂರು ಏರಿಸ್ತೀನಿ. ಒಂದು ನಿಮಿಷದ ಕೆಲಸ."

ಗೋಡೆಯಾಚೆ ಕೃತಿ ಮುಗಿಯಿತು. ಆಮೇಲೆ ಜನ ಎದ್ದು ನಿಂತು ಕೂಗುವ ಸದ್ದು ಬಂತು. ನಡುವೆ ಇವಾನೋ ಮೈಕಿನಲ್ಲಿ ಜಾದಾಳ ಹೆಸರು ಹೇಳುತ್ತಿದ್ದ.

"ಬೇಡ," ಅಂದ ಲಿವಿಯೋ. "ಈಗ ಮುಟ್ಬೇಡಿ."

ಲಾರಿಯ ಪಕ್ಕದ ಸಣ್ಣ ತಗಡಿನ ಬಾಗಿಲು ತೆಗೆದು, ಕೋಟಿನ ತುದಿಯಿಂದ ಮೀಟರಿನ ಗಾಜು ಒರೆಸಿ, ಬಗ್ಗಿ ನೋಡಿದ. ಮುಳ್ಳು 48.6 ಹರ್ಟ್ಜ್ ತೋರಿಸುತ್ತಿತ್ತು, ಸರಿಯಾಗಿ ಅರ್ಧ ಕೀಯಷ್ಟು ಕೆಳಗೆ.