ಮೊದಲ ಸಲ ನುಡಿಸಿದ್ದು

ತನ್ನನ್ನು ಮಾತ್ರ ಯಾರೂ ಕೇಳದಿರಲಿ ಎಂದು ಅವಳು ಕಂಪ್ಯೂಟರಿನ ಮುಂದೆ ಕೂತು ಒಳಗೊಳಗೇ ಬೇಡಿಕೊಳ್ಳುತ್ತಿದ್ದಳು. ಕೇಳಿದರೆ ‘ಎರಡೂ ಚೆನ್ನಾಗಿದೆ’ ಅಂದುಬಿಡುತ್ತೇನೆ, ಅದು ಸುಳ್ಳು. ಡಿಗ್ರಿ ಮುಗಿಸಿದರೂ ಅವಳ ಅಭಿಪ್ರಾಯಗಳೆಲ್ಲ ಡೈರಿಯಲ್ಲಷ್ಟೇ ಬಾಯಿ ಬಿಡುತ್ತಿದ್ದವು.

ಮನೆಯ ಹಿಂದಿನ ಕಾರ್ ಶೆಡ್ಡಿನ ಗೋಡೆಗೆ ಹಳೇ ಹಾಸಿಗೆಗಳನ್ನು ಒರಗಿಸಿ ಮಾಡಿದ ಸ್ಟುಡಿಯೋ ಅದು. ಸ್ಯಾಕ್ಸೋಫೋನ್ ಅಪ್ಪನದು, ಡ್ರಮ್ಸ್ ಅತ್ತೆಯದು, ಆಳೆತ್ತರದ ತಂತಿವಾದ್ಯ ಬಾಸ್ ಅತ್ತೆಯ ಗಂಡನಾದ ಮಾವನದು. ಬಹಳ ವರ್ಷ ಹೋಟೆಲುಗಳಲ್ಲಿ ಜಾಝ್ ನುಡಿಸಿದವರು. ಹೋದ ಸಲ ಅವರ ಸಂಗೀತವನ್ನು ರೆಕಾರ್ಡ್ ಮಾಡಿದ ಕಂಪನಿ, ಜನರಿಗೆ ಬೇಸರವಾಗುತ್ತದೆಂದು, ಮಾವ ಒಬ್ಬನೇ ನುಡಿಸಿದ್ದನ್ನೆಲ್ಲ ಕತ್ತರಿಸಿ ಹಾಕಿತ್ತು. ಮಾವ ತನ್ನ ಬಾಸಿಗೆ ಗವಸು ಹಾಕಿ ಎತ್ತಿಕೊಂಡ. ಅಪ್ಪನೇ ಕಂಪನಿಯವರ ಮೇಲೆ ಹರಿಹಾಯ್ದು, ಇನ್ನು ನಮ್ಮ ಸಂಗೀತಕ್ಕೆ ನಾವೇ ಯಜಮಾನರು ಎಂದು ಹೊರಬಂದಿದ್ದ.

ಆ ಯಜಮಾನಿಕೆಯ ಮೊದಲ ರೆಕಾರ್ಡಿಗೆ ಈಗ ಒಂದು ತುಣುಕು ಬಾಕಿ. ಬೆಳಿಗ್ಗೆ ಎರಡು ಸಲ ನುಡಿಸಿದ್ದರು. ಒಂದನ್ನು ಆರಿಸಿ ಇವತ್ತೇ ಡಿಸ್ಕ್ ಅಚ್ಚು ಹಾಕುವವರಿಗೆ ಕಳಿಸಬೇಕು.

“ಎರಡನೇದೇ ಇರ್ಲಿ,” ಅಂದ ಅಪ್ಪ. “ಮೊದಲನೇದ್ರಲ್ಲಿ ನನ್ನ ರೀಡ್ ಸೀಳಿಹೋಯ್ತಲ್ಲ.”

“ಯಜಮಾನ್ರು ಹೇಳಿದ್ಮೇಲೆ ಮುಗೀತು,” ಅತ್ತೆ ಡ್ರಮ್ಮಿನ ಮೇಲೆ ಟಕ್ ಅನ್ನಿಸಿದಳು.

“ಲೇ, ಚುಚ್ಚಬೇಡ. ಬೇಕಾದ್ರೆ ನಿನ್ನ ಗಂಡನ್ನೇ ಕೇಳು.”

ಮಾವ ಬಾಸಿನ ತಂತಿ ಒರೆಸುತ್ತಿದ್ದ. “ನಂಗೆ ಎರಡೂ ಒಂದೇ, ಭಾವ.”

“ಇವರಿಗೆ ಊಟದಲ್ಲೂ ಅಷ್ಟೇ. ಉಪ್ಪಿದ್ರೂ ಒಂದೇ, ಇಲ್ದಿದ್ರೂ ಒಂದೇ!”

ಅಪ್ಪ ನಕ್ಕ. ಮಾವನೂ ನಕ್ಕ. ಆದರೆ ಒರೆಸಿದ ತಂತಿಯನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ.

ಅವಳು ಹೆಡ್‌ಫೋನ್ ಹಾಕಿಕೊಂಡು ಮೊದಲನೆಯದನ್ನು ಇನ್ನೊಮ್ಮೆ ಕೇಳಿದಳು. ನಡುವೆ ಒಂದು ಕಿರುಚಲು: ಅಪ್ಪ ತುಟಿಯಲ್ಲಿ ಒತ್ತಿಹಿಡಿದಿದ್ದ ರೀಡಿನ ತೆಳು ಪಟ್ಟಿ ಸೀಳಿದ್ದು. ಆಗ ಅಪ್ಪ, ನಿಲ್ಲಿಸಿ ಎಂದು ಕೈ ಬೀಸಿದ್ದ. ಕಣ್ಣು ಮುಚ್ಚಿ ನುಡಿಸುತ್ತಿದ್ದ ಮಾವನಿಗೆ ಅದು ಕಾಣಲಿಲ್ಲ. ಅತ್ತೆಗೆ ಕಂಡಿತ್ತು. ಆದರೂ ಅವಳು ಕಡ್ಡಿಗಳನ್ನು ಮೆಲ್ಲಗೆ ಕೆಳಗಿಟ್ಟು, ಡ್ರಮ್ಮನ್ನು ಮೆಲುವಾಗಿ ಸವರುವ ಬ್ರಷ್ ಎತ್ತಿಕೊಂಡು, ಗಂಡನ ಬಾಸಿನ ಹಿಂದೆಯೇ ನುಡಿಸುತ್ತಾ ಹೊರಟಿದ್ದಳು. ಕತ್ತಲಲ್ಲಿ ಯಾರದೋ ಕೈ ಹಿಡಿದು ಮೆಟ್ಟಿಲಿಳಿಸುವವನಂತೆ ಮಾವ ಒಂದೊಂದೇ ಸ್ವರ ಇಡುತ್ತಿದ್ದ. ಅವುಗಳ ಅಡಿಯಲ್ಲಿ ಇನ್ನೊಂದು ಸದ್ದಿತ್ತು. ಸಿಮೆಂಟಿನ ನೆಲದ ಮೇಲೆ ಅಪ್ಪನ ಚಪ್ಪಲಿ ತಾಳ ಹಾಕುತ್ತಿತ್ತು.

ಎರಡನೆಯದರಲ್ಲಿ ಒಂದು ತಪ್ಪೂ ಇರಲಿಲ್ಲ. ಮೊದಲಿಂದ ಕೊನೆಯವರೆಗೂ ಅಪ್ಪನೇ ಇದ್ದ.

“ಏನಮ್ಮಾ, ಕಳಿಸಿದ್ಯಾ?”

ಹೂಂ ಅಂದುಬಿಟ್ಟರೆ ಆಯಿತು. ಒಂದು ಕ್ಲಿಕ್ ಅಷ್ಟೇ. ಅವಳು ಹೆಡ್‌ಫೋನ್ ತೆಗೆದಳು. ಕಿವಿ ಬಿಸಿಯಾಗಿತ್ತು.

“ಇಲ್ಲಪ್ಪ.”

“ಯಾಕೆ, ನೆಟ್ ಕೈಕೊಡ್ತಾ?”

ಅವಳು ಇಲ್ಲವೆಂದು ತಲೆಯಾಡಿಸಿದಳು. ತಂತಿಯ ಮೇಲೆ ಮಾವನ ಒರೆಸುವ ಬಟ್ಟೆ ನಿಂತಿತು.

“ಮೊದಲನೇದನ್ನೇ ಕಳಿಸೋಣ. ನೀನು ನಿಲ್ಲಿಸಿದ್ಮೇಲೇನೇ ಅದು ಚೆನ್ನಾಗಿರೋದು, ಅಪ್ಪ.”