ಹೊಗೆಯಲ್ಲಿ ಕಿತ್ತಳೆ ಕಂಬ

ಎಣ್ಣೆ ಹಾಕಿದೆನೋ, ಇಲ್ಲವೋ?

ಪೆಟ್ರೋಲ್ ಕ್ಯಾನಿನ ಮುಚ್ಚಳ ತಿರುಗಿಸಿದ್ದು ನೆನಪಿದೆ. ಅಳತೆಯ ಲೋಟವನ್ನು ಬೆಳಕಿಗೆ ಹಿಡಿದದ್ದೂ ನೆನಪಿದೆ. ಒಳಗೆ ಹಸಿರು ಎಣ್ಣೆ. ಕಿಟಕಿಯಾಚೆ ಸೂರಿನ ಮಂಜುಗಡ್ಡೆ ತೊಟ್ಟಿಕ್ಕುತ್ತಿತ್ತು. ಒಂದು ಹನಿಗೂ ಇನ್ನೊಂದು ಹನಿಗೂ ನಡುವಿನ ನಿಶ್ಶಬ್ದವನ್ನು ಕೇಳುತ್ತ ನಿಂತುಬಿಟ್ಟಿದ್ದ. ಆಮೇಲೆ? ಆಮೇಲಿನದು ಖಾಲಿ.

ಹಿಲ್ಡಿಂಗ್ ಈಗ ಬ್ಯೋರ್ನ್‌ಬಾಕೆನ್ ಇಳಿಜಾರಿನ ನೆತ್ತಿಯಲ್ಲಿ, ಕಿತ್ತಳೆ ಬಣ್ಣದ ಕಂಬದ ಪಕ್ಕ ನಿಂತಿದ್ದ. ಏಪ್ರಿಲ್ ಬಿಸಿಲಿಗೆ ಹಿಮವೆಲ್ಲ ಹೊಳೆಯುತ್ತಿತ್ತು. ಕೆಳಗೆ ಅರ್ಧ ಊರು ಹಿಮಸಾರಂಗದ ಚರ್ಮ ಹಾಸಿಕೊಂಡು ಕೂತು ಸಾಸೇಜು ಸುಡುತ್ತಿತ್ತು. ಜನರ ನಡುವೆ ಗುನ್‌ವೋರ್ ಅದೇ ಕ್ಯಾನನ್ನು ಬೈಕಿನ ಟ್ಯಾಂಕಿಗೆ ಬಗ್ಗಿಸುತ್ತಿದ್ದಳು. ಅದನ್ನು ಕಂಡಾಗಲೇ ಅವನಿಗೆ ಈ ಅನುಮಾನ ಹುಟ್ಟಿದ್ದು.

ಟೂ-ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಜೀವ. ಅದಿಲ್ಲದಿದ್ದರೆ ಅರ್ಧ ದಾರಿಯಲ್ಲಿ ಪಿಸ್ಟನ್ ಕಚ್ಚಿಕೊಂಡು ಎಂಜಿನ್ ಸತ್ತುಹೋಗುತ್ತದೆ, ಓಡಿಸುವವಳು ಹ್ಯಾಂಡಲ್ಲಿನ ಮೇಲಿಂದ ಹಾರಿಹೋಗುತ್ತಾಳೆ.

ಗುನ್‌ವೋರಳಿಗೆ ಅರವತ್ಮೂರು. ಮೂವತ್ತು ವರ್ಷ ಊರಿನ ಬಸ್ಸು ಓಡಿಸಿದವಳು. ಸ್ಕೀ ಗುಡಿಸಲಿನ ಗೋಡೆಯ ಹಲಗೆಯ ಮೇಲೆ, ಕೆಳಗಿನಿಂದ ಬಂಡಿಯೇರಿ ಕಾಲೂರದೆ ಈ ಕಂಬ ದಾಟಿದವರ ಹೆಸರುಗಳಿವೆ. ಎಲ್ಲರದೂ ಅಂಗಡಿಯಿಂದ ತಂದ ಬಂಡಿ. ಮನೆಯಲ್ಲಿ ಕಟ್ಟಿದ್ದು ಒಂದೂ ಇಲ್ಲ. ಅಲ್ಲಿ ತನ್ನ ಹೆಸರು ಬರೆಸಬೇಕೆಂದು ಅವಳು ಮೂರು ಚಳಿಗಾಲ ಹೋರಾಡಿದ್ದಳು. ಮೊದಲ ವರ್ಷ ಚೈನು ಹರಿಯಿತು. ಎರಡನೆಯ ವರ್ಷ ಬೈಕು ಅವಳ ಮೇಲೇ ಮಗುಚಿತು. ಕಳೆದ ವರ್ಷ ಕಂಬಕ್ಕೆ ಆರು ಮೀಟರ್ ಇದ್ದಾಗ ಎಂಜಿನ್ ಸೀನಿ ಸುಮ್ಮನಾಯಿತು.

ಈ ಸಲ ಪಕ್ಕದ ಮನೆಯ ಹಿಲ್ಡಿಂಗ್ ಸೇರಿಕೊಂಡಿದ್ದ. ಶಾಲೆಯಲ್ಲಿ ಲೋಹದ ಕೆಲಸ ಕಲಿಸಿ ನಿವೃತ್ತನಾದ ಮೇಷ್ಟ್ರು. ಇನ್ನೂರೈವತ್ತು ಸಿಸಿಯ ಹಳೆಯ ಮೋಟೋಕ್ರಾಸ್ ಬೈಕಿನ ಹಿಂದಿನ ಗಾಲಿ ಕಿತ್ತು, ಗುಜರಿಯ ಸ್ನೋಮೊಬೈಲಿನ ರಬ್ಬರ್ ಪಟ್ಟಿಯನ್ನು ಕತ್ತರಿಸಿ ಕೂಡಿಸಿದರು. ಮುಂದಿನ ಗಾಲಿಯ ಜಾಗಕ್ಕೆ ಒಂದೇ ಅಗಲವಾದ ಸ್ಕೀ. ಸೀಟಿಗೆ ಬಸ್ಸಿನ ನೀಲಿ ಬಟ್ಟೆ. ಸೈಲೆನ್ಸರಿನ ಉಬ್ಬಿದ ಹೊಟ್ಟೆಯನ್ನು ಹಿಲ್ಡಿಂಗ್ ತಗಡಿನ ಶಂಕುಗಳಿಂದ ಕಟ್ಟಿದ. ಎಂಟು ಸಲ ಬೆಸೆದು ಎಂಟು ಸಲ ಕತ್ತರಿಸಿದ. ಒಂಬತ್ತನೆಯದರಲ್ಲಿ ಎಂಜಿನ್ ಪೂರ್ತಿ ಬಲ ಹಿಡಿದು ಥಟ್ಟನೆ ದನಿ ಬದಲಿಸಿ ಕಿರುಚಿದಾಗ ಗುನ್‌ವೋರ್ ಸ್ಪ್ಯಾನರ್ ಎಸೆದು, ಅವನ ಎರಡೂ ಕೈ ಹಿಡಿದು ಗ್ಯಾರೇಜಿನ ತುಂಬ ಕುಣಿಸಿದ್ದಳು.

"ಕೇಳಿಸ್ತಾ? ಕೇಳಿಸ್ತೇನೋ ಮೇಷ್ಟ್ರೇ?"

"ಊರಾಚೆ ಸೇತುವೆವರೆಗೂ ಕೇಳ್ಸಿರತ್ತೆ," ಎಂದಿದ್ದ ಅವನು. ಆ ವಾರವೆಲ್ಲ ಅವನಾಡಿದ ಅತಿ ಉದ್ದದ ಮಾತು ಅದು.

ಈಗ ಹಿಲ್ಡಿಂಗ್ ಎರಡೂ ತೋಳೆತ್ತಿ ಬೀಸಿದ. ಬೇಡ! ನಿಲ್ಲು!

ಕೆಳಗಿನ ಇನ್ನೂರು ಜನ ಖುಷಿಯಿಂದ ತಿರುಗಿ ಕೈಬೀಸಿದರು. ಮೈಕಿನಲ್ಲಿ ಕಿರಾಣಿ ಅಂಗಡಿಯ ಬೆರ್ಟಿಲ್ ಕೂಗಿದ: "ನೋಡ್ರಪ್ಪಾ ನೋಡಿ! ನಮ್ಮ ಮೇಷ್ಟ್ರು ಕೈ ಎತ್ತಿದ್ದಾರೆ! ನಂಗೆ ಹೊಡ್ಯೋಕ್ ಬಿಟ್ರೆ ಇನ್ಯಾತಕ್ಕೂ ಎತ್ತಿದ್ದು ನಾ ಕಾಣೆ!"

ನಗೆಯ ಅಲೆ ಮೇಲಿನವರೆಗೂ ಬಂತು. ಹಿಲ್ಡಿಂಗ್ ಓಡಿದ. ಮೂರು ಹೆಜ್ಜೆ ಹಿಮದ ಹೆಪ್ಪು ತಡೆಯಿತು. ನಾಲ್ಕನೆಯದಕ್ಕೆ ಒಡೆದು ಸೊಂಟದವರೆಗೆ ಹೂತುಹೋದ. ಒಂದು ಕಾಲು ಕಿತ್ತರೆ ಇನ್ನೊಂದು ಇಳಿಯಿತು. ಕಂಬ ಹಿಂದೆಯೇ ಇತ್ತು, ನಾಲ್ಕೇ ಹೆಜ್ಜೆಯ ದೂರ. ಬಿಸಿಲು ನಿಚ್ಚಳವಾಗಿತ್ತು. ಇಡೀ ಇಳಿಜಾರನ್ನು ನೋಡಲು ಇದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ.

ಕೆಳಗೆ ಎಂಜಿನ್ ಕಿರುಚಿತು. ಗುನ್‌ವೋರ್ ಹೊರಟಳು.

ಹೊರಟಳೆಂದರೆ, ಚಿಮ್ಮಿದಳು! ಪಟ್ಟಿ ಹಿಂದಕ್ಕೆ ಹಿಮದ ಕಾರಂಜಿ ಎಸೆಯಿತು. ಮುಂದಿನ ಸ್ಕೀ ಮೇಲಕ್ಕೆದ್ದಿತು. ಅವಳು ನಿಂತುಕೊಂಡೇ, ಬಸ್ಸಿನ ಸ್ಟೀರಿಂಗ್ ಹಿಡಿದವಳಂತೆ ಮೊಣಕೈ ಅಗಲಿಸಿ, ಏರಿದಳು. ಮೊದಲ ತಿರುವು, ಹಳೆಯ ಸ್ಕೀ ಲಿಫ್ಟಿನ ಕಂಬ, ಕಳೆದ ವರ್ಷ ಇತರರು ಮಗುಚಿದ ದಿಣ್ಣೆ. ಬಾಲವಿದ್ದಿದ್ದರೆ ಆ ಬೈಕು ಆಡಿಸುತ್ತಿತ್ತು.

ಆದರೆ ಹಿಂದೆ ಹೊಗೆ ಇರಲಿಲ್ಲ. ಹೊಗೆಯಿಲ್ಲವೆಂದರೆ ಎಣ್ಣೆಯಿಲ್ಲ. ಹಿಲ್ಡಿಂಗ್ ಕಣ್ಣು ಮುಚ್ಚಿ ಕಿವಿಯಷ್ಟೇ ಆದ. ದನಿ ಏರಿತು, ಇನ್ನೂ ಏರಿತು, ಮೈಮೇಲೆ ಹಿಮ ಸಿಡಿಯಿತು, ಏನೋ ಕೆಮ್ಮಿತು, ಗುಡುಗಿತು. ಆಮೇಲೆ ನಿಶ್ಶಬ್ದ.

ಕಣ್ಣು ತೆರೆದಾಗ ಬೈಕು ಅಡ್ಡಬಿದ್ದು ತನ್ನದೇ ಜಾಡಿನ ಮೇಲೆ ಹತ್ತು ಮೀಟರ್ ಕೆಳಕ್ಕೆ ಜಾರಿತ್ತು. ಅದರ ಕೆಳಗೆ ಇಳಿಜಾರೇ ಇರಲಿಲ್ಲ. ಬರೀ ನೀಲಿ ಹೊಗೆ. ಮೊದಲರ್ಧ ಎಂಜಿನ್ ಓಡಿದ್ದು ಕೊಳವೆಯಲ್ಲಿ ಉಳಿದಿದ್ದ ಹಳೆಯ ಪೆಟ್ರೋಲಿನಲ್ಲಿ; ಈಗ ಟ್ಯಾಂಕಿಗೆ ಸುರಿದದ್ದು ಎಂಜಿನ್ನಿಗೆ ತಲುಪಿದ್ದು ಅರ್ಧ ದಾರಿಯಲ್ಲಿ. ಅಲ್ಲಿಂದ ಹೊರಟ ಹೊಗೆಯನ್ನು ಗುಡ್ಡದ ಗಾಳಿ ಇಡಿಯಾಗಿ ಜನರ ಮೇಲೆ ದೂಡಿತ್ತು. ಹೊಗೆಯೊಳಗೆ ಇನ್ನೂರು ಜನ ಕೆಮ್ಮುತ್ತಿದ್ದರು. ನಾಯಿಗಳು ಬೊಗಳುತ್ತಿದ್ದವು.

ಗುನ್‌ವೋರ್ ಹಿಮದಲ್ಲಿ ಅಂಗಾತ ಬಿದ್ದು ನಗುತ್ತಿದ್ದಳು. ಕಪ್ಪು ಎಣ್ಣೆ ಮೆತ್ತಿಕೊಂಡ ಕನ್ನಡಕ ಕಿತ್ತೆಸೆದಳು.

"ಏ ಮೇಷ್ಟ್ರೇ! ಎಣ್ಣೆ ನೀನೂ ಹಾಕಿದ್ಯಾ?"

"ನೀನು ಹಾಕಿದ್ಯಾ?"

"ಹಾಕ್ದೆ ಇನ್ನೇನು! ಲೋಟ ಹಿಡ್ಕೊಂಡು ಕಿಟಕಿ ಕಡೆ ಸಮಾಧಿಗೆ ಹೋದ್ಯಲ್ಲ, ಇವ್ನು ಮರೆತೇಬಿಟ್ಟ ಅಂದ್ಕೊಂಡೆ!"

ಹಿಲ್ಡಿಂಗನಿಗೆ ನಗು ಹೊಟ್ಟೆಯಾಳದಿಂದ ಬಂತು. ಸೊಂಟದವರೆಗೆ ಹೂತವನು ನಕ್ಕರೆ ಇನ್ನಷ್ಟು ಇಳಿಯುತ್ತಾನೆ. ಅದಕ್ಕೆ ಅವಳು ಮತ್ತೂ ನಕ್ಕಳು. ಸ್ವಲ್ಪ ಹೊತ್ತಿನ ಮೇಲೆ ತೆವಳಿಕೊಂಡು ಹತ್ತಿರ ಬಂದಳು. ನಗು ನಿಂತಿತ್ತು.

"ನಾ ದಾಟಿದ್ನಾ?" ಎಂದಳು ಮೆಲ್ಲಗೆ. "ನಂಗೆ ಏನೂ ಕಾಣ್ಲಿಲ್ಲ. ಬರೀ ಎಣ್ಣೆ."

ಅಷ್ಟರಲ್ಲಿ ಬೆರ್ಟಿಲ್ ಸ್ನೋಮೊಬೈಲಿನಲ್ಲಿ ಮೇಲೆ ಬಂದ, ಕಣ್ಣುಜ್ಜಿಕೊಳ್ಳುತ್ತ. "ಏನ್ ಗುನ್‌ವೋರ್, ಊರಿಗೆಲ್ಲ ಸೊಳ್ಳೆ ಹೊಗೆ ಹಾಕಿದ್ಯಾ? ನಮ್ಗೊಂದೂ ಕಾಣ್ಲಿಲ್ಲ ನೋಡು." ನೆಲ ನೋಡಿದ. ಬೆಳಗಿನಿಂದ ಮೂವತ್ತು ಬಂಡಿಗಳು ಉತ್ತ ಹಿಮದಲ್ಲಿ ಯಾವ ಜಾಡು ಯಾರದೆಂದು ದೇವರಿಗೇ ಗೊತ್ತು. ಮತ್ತೆ ಹಿಲ್ಡಿಂಗನತ್ತ ತಿರುಗಿದ. "ಮೇಷ್ಟ್ರೇ, ಕಂಬದ ಬುಡದಲ್ಲಿದ್ದೋರು ನೀವೊಬ್ರೇ. ಕಾಲೂರದೆ ದಾಟಿದ್ಲಾ? ಎಂಟನೇ ಕ್ಲಾಸಲ್ಲಿ ನನ್ ಬೆಸುಗೆ ಕೂದಲೆಳೆ ಬಿಟ್ಟಿದೆ ಅಂತ ಸೊನ್ನೆ ಹಾಕ್ದೋರು ನೀವು. ನೀವು ಹೂಂ ಅಂದ್ರೆ ಹೂಂ, ಉಹೂಂ ಅಂದ್ರೆ ಉಹೂಂ."

ಗುನ್‌ವೋರ್ ಹಿಲ್ಡಿಂಗನತ್ತ ಕತ್ತೆತ್ತಿದಳು. ಅವಳ ರೆಪ್ಪೆಯ ಮೇಲೂ ಎಣ್ಣೆಯಿತ್ತು.

ಹಿಲ್ಡಿಂಗ್ ತುಟಿ ಕಿರಿದು ಮಾಡಿ ಉಸಿರನ್ನು ಸುಯ್ಯೆಂದು ಒಳಗೆಳೆದುಕೊಂಡ. ನಮ್ಮ ಈ ಹಿಮದ ಸೀಮೆಯಲ್ಲಿ ಮಾತಿಲ್ಲದೆ ಹಾಗೆ ಉಸಿರೆಳೆದರೆ ಅದೇ 'ಹೌದು'.

ಬೆರ್ಟಿಲ್ ಮೈಕಿಲ್ಲದೆಯೇ ಕೂಗಿದ ಕೂಗು ಕೆಳಗೆಲ್ಲ ಕೇಳಿಸಿತು. ತೆಳುವಾಗುತ್ತಿದ್ದ ಹೊಗೆಯೊಳಗಿಂದ ಕೇಕೆ, ಸೀಟಿ, ಹಾರ್ನುಗಳು ಎದ್ದವು. ಗುನ್‌ವೋರ್ ಹಿಲ್ಡಿಂಗನ ಕುತ್ತಿಗೆಗೆ ಜೋತುಬಿದ್ದಳು. ಇಬ್ಬರೂ ಕಂಕುಳವರೆಗೆ ಇಳಿದರು. ಅವರನ್ನು ಸಲಿಕೆಯಿಂದ ಅಗೆದು ತೆಗೆಯಬೇಕಾಯಿತು. ಸಂಜೆಯೊಳಗೆ ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಅವಳ ಹೆಸರು ಬಂತು, ಅದರ ಮುಂದೆ 'ಮನೆಯಲ್ಲಿ ಕಟ್ಟಿದ್ದು' ಎಂದು.

ಆ ಕೊನೆಯ ಮೀಟರ್‌ಗಳಲ್ಲಿ ತಾನು ಕಣ್ಣು ಮುಚ್ಚಿಕೊಂಡಿದ್ದೆ ಎಂದು ಹಿಲ್ಡಿಂಗ್ ಯಾರಿಗೂ, ಎಂದೂ, ಹೇಳಲಿಲ್ಲ.