ಎರಡು ಸಲ ಎರಕವಾದ ಮೈ

ನಾನೊಂದು ಬೇರಿಂಗ್. ಇಂಜಿನ್ನಿನೊಳಗೆ ತಿರುಗುವ ದಪ್ಪ ಶಾಫ್ಟನ್ನು ಹೊತ್ತು ಕೂತ ಕಂಚಿನ ಅರೆಬಳೆ. ಒಳಮೈಗೆ ಬಿಳಿ ಲೋಹದ ಮೆತ್ತನೆಯ ಪದರ. ಸವೆಯುವುದಕ್ಕೇ ಹುಟ್ಟಿದ ಜಾತಿ ನನ್ನದು. ನಾನು ಸವೆದರೆ ಶಾಫ್ಟು ಉಳಿಯುತ್ತದೆ. ಹುಟ್ಟಿದ್ದು ಯಾವುದೋ ದೂರದ ಕಾರ್ಖಾನೆಯಲ್ಲಿ. ಬಾಳಿದ್ದು ಹೊನ್ನಾವರದ ಕಡೆ ಹೊಳೆ ದಾಟಿಸುವ ದೇವಿದಾಸ ಹರಿಕಂತ್ರನ ಲಾಂಚಿನಲ್ಲಿ.

ಒಂದು ಸಂಜೆ ಹೊಳೆಯ ಕೆಸರಿನಲ್ಲಿ ಬೆಳಚಿನ ಚಿಪ್ಪು ಹೆಕ್ಕಿ ದಣಿದ ಹೆಂಗಸರನ್ನು ತುಂಬಿಕೊಂಡು ಹೊರಟಿದ್ದೆವು. ನಡುಹೊಳೆಯಲ್ಲಿ ಎಣ್ಣೆಯ ಕೊಳವೆ ಒಡೆಯಿತು. ನನ್ನ ಮೈ ಒಣಗಿ ಕಾದುಹೋಯಿತು. ಇಂಜಿನ್ ಟಕಟಕ ಬಡಿಯತೊಡಗಿತು.

"ನಿಲ್ಸೋ ದೇವಿದಾಸ, ಇಂಜಿನ್ ಸುಟ್ಟು ಹೋಗ್ತದೆ!" ಎಂದು ಮುಂದೆ ಕೂತಿದ್ದ ಸುಬ್ಬಿ ಕೂಗಿದಳು.

"ನಿಲ್ಸಿದ್ರೆ ಇಳಿತದ ನೀರು ನಮ್ಮನ್ನ ಅಳಿವೆ ದಾಟ್ಸಿ ಕಡಲಿಗೆ ಒಯ್ತದೆ. ಹೋದ್ರೆ ಇಂಜಿನ್ ಹೋಗ್ಲಿ."

ನನ್ನ ಪದರ ಕರಗಿ ತೊಟ್ಟಿಕ್ಕುತ್ತಿದ್ದರೂ ಅವನು ನಿಲ್ಲಿಸಲಿಲ್ಲ. ದಡ ಮುಟ್ಟಿ, ಎಲ್ಲರೂ ಇಳಿದ ಮೇಲೆ ಇಂಜಿನ್ ತಾನಾಗಿ ಸತ್ತಿತು.

ಅಷ್ಟು ಹಳೆಯ ಇಂಜಿನ್ನಿಗೆ ಹೊಸ ಬೇರಿಂಗ್ ಎಲ್ಲೂ ಸಿಗಲಿಲ್ಲ. ಒಳಮೈಗೆ ಹೊಸ ಪದರ ಎರಕ ಹೊಯ್ಯಿಸಲು ದೇವಿದಾಸ ನನ್ನನ್ನು ಗೋಣಿಚೀಲದಲ್ಲಿ ಸುತ್ತಿ ಇನಾಸ ಲೋಪೀಸನ ಮನೆಗೆ ಒಯ್ದ. ಮನೆಯ ಹಿಂದೆ ಲೇತ್ ಇಟ್ಟುಕೊಂಡು ಇಂಜಿನ್ ರಿಪೇರಿ ಮಾಡುತ್ತಿದ್ದವನು ಅವನು. ಹೆಂಡತಿ ನಾತಾಲಿ ತೀರಿಕೊಂಡಾಗಿನಿಂದ ಆ ಶೆಡ್ಡಿನ ಬಾಗಿಲು ತೆರೆದಿರಲಿಲ್ಲ.

"ಎರಕ ಒಬ್ಬನ ಕೆಲಸ ಅಲ್ಲ ಮಾರಾಯ. ಅಚ್ಚು ಹಿಡೀತಿದ್ದವಳು ಅವಳು. ಬೇರೆ ಕಡೆ ನೋಡು."

"ಆಚೆ ದಡದವರು ಕಾಯಿಲೆಯವರನ್ನೂ ದೋಣಿಗೆ ಹುಟ್ಟು ಹಾಕಿ ತರ್ತಿದ್ದಾರೆ, ಇನಾಸಣ್ಣ. ನಾನು ಹಿಡೀತೆ. ಹೇಗಂತ ಹೇಳು."

ಇನಾಸ ಒಳಗೆ ಹೋಗಿ ಶೆಡ್ಡಿನ ಬೀಗದ ಕೈ ತಂದ.

ನನ್ನ ಮೈಯ ಹಳೆಯ ಲೋಹ ಕೆರೆದು, ತೊಳೆದು, ಕಲಾಯಿ ಹಾಕಿದ. ಕರಗಿದ ಲೋಹವನ್ನು ಒಂದೇ ಧಾರೆಯಲ್ಲಿ ಸುರಿಯಬೇಕು. ನಡುವೆ ತಡೆದರೆ ಬಿರುಕು ಉಳಿಯುತ್ತದೆ. ದೇವಿದಾಸ ಅಚ್ಚು ಹಿಡಿದಿದ್ದ. ಇನಾಸ ಅರ್ಧ ಸುರಿದಿದ್ದ, ಅಷ್ಟರಲ್ಲಿ ಬಾಯಿತಪ್ಪಿ ಅಂದ: "ನಾತಾಲಿ, ಚೂರು ವಾಲಿಸು."

ಕೈ ನಿಂತುಹೋಯಿತು. ಧಾರೆ ಕಡಿಯಿತು. ಇನಾಸ ನೆಲಕ್ಕೆ ಕುಸಿದು ಮುಖ ಮುಚ್ಚಿಕೊಂಡ.

ದೇವಿದಾಸ ಅಚ್ಚು ಕೆಳಗಿಟ್ಟ. ಅವನ ಬಳಿ ಕೂತ. ಅಳು ಇಳಿದ ಮೇಲೆ ನನ್ನನ್ನು ಇಕ್ಕಳದಲ್ಲಿ ಎತ್ತಿ ಮತ್ತೆ ಬೆಂಕಿಗಿಟ್ಟ. "ಇನ್ನೊಂದ್ಸಲ ಸುರಿಯುವ, ಅಣ್ಣ."

ಎರಡನೆಯ ಸಲ ಧಾರೆ ಕಡಿಯಲಿಲ್ಲ.

ಲೇತಿನಲ್ಲಿ ಕೊರೆದಾದ ಮೇಲೆ ಶಾಫ್ಟಿಗೆ ನೀಲಿ ಬಣ್ಣ ಸವರಿ ನನ್ನೊಳಗೆ ತಿರುಗಿಸಿದರು. ನೀಲಿ ಅಂಟಿದ ಉಬ್ಬುಗಳನ್ನೆಲ್ಲ ಇನಾಸ ಕೈಯಿಂದಲೇ ಕೆರೆದ, ಬಣ್ಣ ಮೈತುಂಬ ಸಮನಾಗಿ ಹರಡುವವರೆಗೆ. ಇಂಜಿನ್ ಶುರುವಾದಾಗ ಮರದ ಕೋಲಿನ ಒಂದು ತುದಿ ಅದಕ್ಕೊತ್ತಿ, ಇನ್ನೊಂದಕ್ಕೆ ಕಿವಿ ಕೊಟ್ಟು ನಿಂತ.

"ಬಡಿತ ಇಲ್ಲ," ಎಂದ. ಆಮೇಲೆ ಶೆಡ್ಡಿಗೆ ಬೀಗ ಬೀಳಲಿಲ್ಲ.

ವರ್ಷಗಳು ಕಳೆದು ಇನಾಸನೂ ಹೋದ. ನಾತಾಲಿಯ ಗೋರಿ ಇದ್ದದ್ದು ಆಚೆ ದಡದಲ್ಲಿ. ಅವನ ಶವಪೆಟ್ಟಿಗೆಯನ್ನು ನಮ್ಮ ಲಾಂಚಿನಲ್ಲೇ ದಾಟಿಸಿದರು. ಅವನಿಗಾಗಿ ನನ್ನಿಂದಾದದ್ದು ಸದ್ದಿಲ್ಲದೆ ಶಾಫ್ಟು ಹೊರುವುದಷ್ಟೇ.

ಈಗ ಹೊಳೆಗೆ ಸೇತುವೆಯಾಗಿದೆ. ಲಾಂಚು ದಡದಲ್ಲಿ ತಾಡಪಾಲಿನಡಿ ಮಲಗಿದೆ, ಅದರೊಳಗೆ ನಾನು. ಗುಜರಿಯವರು ಆಗಾಗ ಬಂದು ಇಂಜಿನ್ ಕೇಳುತ್ತಾರೆ. ದೇವಿದಾಸ ಇಲ್ಲವೆಂದು ತಲೆಯಾಡಿಸುತ್ತಾನೆ.

"ಕೊಡೂದಿಲ್ಲ. ಅದ್ರೊಳಗೆ ಇನಾಸಣ್ಣನ ಕೈ ಉಂಟು."